ಕಾಸು ಕೊಟ್ಟ ಕಂಪೈಲರ್‌ನಿಂದ ಓಪನ್ ಸೋರ್ಸ್‌ಗೆ: ಸಣ್ಣ ಆಫೀಸುಗಳಿಗೆ ಒಂದು ಮಾರ್ಗದರ್ಶಿ

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಸಣ್ಣ ಆಫೀಸು. ಎಂಟು ಜನ ಇದ್ದೇವೆ. ಬೋರ್‌ವೆಲ್ ಮೋಟರ್‌ಗೆ ಹಾಕುವ ಕಂಟ್ರೋಲರ್ ಮಾಡುತ್ತೇವೆ. ಒಂದು ಫೇಸ್ ಹೋದರೆ, ಬೋರ್‌ನಲ್ಲಿ ನೀರು ಇಳಿದುಹೋದರೆ, ಮೋಟರ್ ಸುಡುವ ಮೊದಲೇ ಆಫ್ ಮಾಡುವುದು ಅದರ ಕೆಲಸ.

ಎರಡು ವರ್ಷದ ಹಿಂದೆ ಮೊದಲ ಮಳೆಯ ದಿನ ಸಿಡಿಲು ಹೊಡೆದು ನಮ್ಮ ಬಿಲ್ಡ್ ಪಿಸಿಯ, ಅಂದರೆ ಕೋಡ್‌ನಿಂದ ಚಿಪ್‌ಗೆ ಹಾಕುವ ಫೈಲ್ ಮಾಡುವ ಪಿಸಿಯ, ಮದರ್‌ಬೋರ್ಡ್ ಸುಟ್ಟುಹೋಯಿತು. ಬೇರೆಯವರ ಮೋಟರ್ ಉಳಿಸುವವರ ಆಫೀಸಿನಲ್ಲೇ ಹೀಗಾಯಿತಲ್ಲ ಎಂದು ಎಲ್ಲರೂ ನಕ್ಕರು. ನಗು ಮಧ್ಯಾಹ್ನದವರೆಗೆ ಮಾತ್ರ. ನಾವು ಬರೆದ ಕೋಡ್ ಅನ್ನು ಚಿಪ್‌ಗೆ ಅರ್ಥವಾಗುವ ಭಾಷೆಗೆ ತಿರುಗಿಸುವ ಕಂಪೈಲರ್‌ನ ಲೈಸೆನ್ಸ್ ಆ ಪಿಸಿಗೇ ಕಟ್ಟಿದ್ದು. ಕೋಡ್ ಎಲ್ಲ ಗಿಟ್‌ನಲ್ಲಿ (ಕೋಡ್‌ನ ಪ್ರತಿ ಬದಲಾವಣೆ ಉಳಿಸಿಡುವ ಟೂಲ್) ಭದ್ರವಾಗಿತ್ತು, ಬೇರೆ ಪಿಸಿ ಮೂರು ಇದ್ದವು, ಆದರೂ ಒಂದು ಸಾಲು ಕಂಪೈಲ್ ಮಾಡೋಕೆ ಆಗಲಿಲ್ಲ. ಕಂಪೈಲರ್ ಕಂಪನಿಗೆ ಮೇಲ್ ಹಾಕಿದೆವು. ಅವರು ಡೀಲರ್‌ಗೆ ಹೇಳಿ ಅಂದರು. ಡೀಲರ್, ನಿಮ್ಮ ಸಪೋರ್ಟ್ ಮುಗಿದು ಏಳು ತಿಂಗಳಾಗಿದೆ, ರಿನ್ಯೂ ಮಾಡಿ ಅಂದರು. ಐದು ದಿನ ಹೋಯಿತು. ಕೊಟ್ಟ ದುಡ್ಡಿಗಿಂತ ಜಾಸ್ತಿ ಕಾಡಿದ್ದು ನಮ್ಮ ಜುಟ್ಟು ಬೇರೆಯವರ ಕೈಯಲ್ಲಿದೆ ಅನ್ನುವುದು.

ಆಮೇಲೆ ಎಂಟು ತಿಂಗಳು ತೆಗೆದುಕೊಂಡು ನಿಧಾನಕ್ಕೆ ಓಪನ್ ಸೋರ್ಸ್ (ಮೂಲ ಕೋಡ್ ಎಲ್ಲರಿಗೂ ತೆರೆದಿರುವ) ಟೂಲ್‌ಗಳಿಗೆ ಬಂದೆವು. ಎಲ್ಲವನ್ನೂ ಬದಲಿಸಲಿಲ್ಲ, ಬದಲಿಸಲೂಬಾರದು. ಮಾಡಿದ ತಪ್ಪುಗಳನ್ನೂ ಸೇರಿಸಿ ಆ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆ ಜಾಸ್ತಿ ಫರ್ಮ್‌ವೇರ್‌ನದು, ಅಂದರೆ ಚಿಪ್ ಒಳಗೆ ಓಡುವ ಪ್ರೋಗ್ರಾಂನದು, ಯಾಕೆಂದರೆ ನನಗೆ ಗೊತ್ತಿರುವುದು ಅದು. ಜಾವಾ ಅಥವಾ ವೆಬ್ ಕೆಲಸದವರಿಗೂ ಹೆಜ್ಜೆಗಳು ಹೆಚ್ಚುಕಮ್ಮಿ ಇವೇ.

ಹೆಜ್ಜೆ 1: ಆಫೀಸಿನಲ್ಲಿ ಏನೇನಿದೆ, ಪಟ್ಟಿ ಮಾಡಿ

ಒಂದು ಎಕ್ಸೆಲ್ ಶೀಟ್ ಸಾಕು. ಟೂಲ್‌ನ ಹೆಸರು, ಯಾರು ಬಳಸುತ್ತಾರೆ, ರಿನ್ಯೂವಲ್ ಯಾವಾಗ, ಎಷ್ಟು ದುಡ್ಡು. ಇವನ್ನು ಎಲ್ಲರೂ ಬರೆಯುತ್ತಾರೆ. ನಾನು ಇನ್ನೊಂದು ಕಾಲಂ ಸೇರಿಸಿ ಅನ್ನುತ್ತೇನೆ: "ನಾಳೆ ಬೆಳಿಗ್ಗೆ ಇದು ನಿಂತುಹೋದರೆ ಏನಾಗುತ್ತದೆ?" ಎಡಿಟರ್ ನಿಂತರೆ ಬೇರೆ ಎಡಿಟರ್ ತೆರೆಯುತ್ತೀರಿ. ಕಂಪೈಲರ್ ನಿಂತರೆ ಡಿಸ್ಪ್ಯಾಚ್ ನಿಲ್ಲುತ್ತದೆ. ಬದಲಿಸುವ ಕ್ರಮವನ್ನು ಈ ಕಾಲಂ ಹೇಳುತ್ತದೆ, ದುಡ್ಡಿನ ಕಾಲಂ ಅಲ್ಲ.

ಪಟ್ಟಿಯಲ್ಲಿ "ಇದು ಫ್ರೀ" ಎಂದು ಬರೆದಿರುವ ಸಾಲುಗಳನ್ನು ಎರಡು ಸಲ ನೋಡಿ. ಸಿಕ್ಕಿಹಾಕಿಕೊಳ್ಳುವುದು ಅಲ್ಲೇ.

ಜಾವಾ ತೆಗೆದುಕೊಳ್ಳಿ. ವರ್ಷಗಟ್ಟಲೆ ಎಲ್ಲರೂ ಒರಾಕಲ್‌ನ ಜಾವಾ ಇಳಿಸಿ ಹಾಕಿಕೊಂಡು ಮರೆತುಬಿಟ್ಟಿದ್ದರು. 2019ರ ಏಪ್ರಿಲ್‌ನಲ್ಲಿ ಜಾವಾ 8ರ ಹೊಸ ಅಪ್‌ಡೇಟ್‌ಗಳ ಲೈಸೆನ್ಸ್ ಬದಲಾಯಿತು. ವ್ಯಾಪಾರದ ಬಳಕೆಗೆ ದುಡ್ಡು ಕೊಡಬೇಕಾಯಿತು. 2023ರ ಜನವರಿಯಲ್ಲಿ ಒರಾಕಲ್ ಲೆಕ್ಕ ಹಾಕುವ ರೀತಿಯನ್ನೇ ಬದಲಿಸಿತು. ಜಾವಾ ಬಳಸುವವರು ಎಷ್ಟು ಜನ ಎಂದು ನೋಡುವುದಿಲ್ಲ, ಕಂಪನಿಯಲ್ಲಿ ಒಟ್ಟು ಎಷ್ಟು ನೌಕರರು ಎಂದು ನೋಡುತ್ತದೆ. ಪಾರ್ಟ್ ಟೈಮ್‌ನವರೂ ಲೆಕ್ಕಕ್ಕೆ ಬರುತ್ತಾರೆ. ಒಬ್ಬರು ಜಾವಾ ಬರೆದರೂ ಗೋಡೌನಿನಲ್ಲಿ ಪ್ಯಾಕಿಂಗ್ ಮಾಡುವವರ ತಲೆಯನ್ನೂ ಎಣಿಸಬೇಕು ಅಂದಹಾಗೆ. ಇದಕ್ಕೆ ಪರಿಹಾರ ಮಾತ್ರ ಸುಲಭ. ಎಕ್ಲಿಪ್ಸ್ ಟೆಮುರಿನ್, ಅಮೆಜಾನ್ ಕೊರೆಟ್ಟೊ, ಅಜುಲ್ ಜುಲು ಎಲ್ಲವೂ ಓಪನ್‌ಜೆಡಿಕೆ ಎಂಬ ಒಂದೇ ಸೋರ್ಸ್‌ನಿಂದ ಬಂದವು. ಮಾಮೂಲಿ ಸರ್ವರ್ ಪ್ರೋಗ್ರಾಂ ಆದರೆ ಬದಲಿಸಿ ಟೆಸ್ಟ್ ಓಡಿಸಲು ಒಂದು ದಿನ ಸಾಕು.

ಪ್ರೋಗ್ರಾಂ ಅನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ ಡಬ್ಬಿಯಲ್ಲಿ ಇಟ್ಟ ಹಾಗೆ ಓಡಿಸುವ ಡಾಕರ್ ಡೆಸ್ಕ್‌ಟಾಪ್ ಕೂಡ ಹಾಗೇ. 2021ರ ಆಗಸ್ಟ್‌ನಲ್ಲಿ ನಿಯಮ ಬದಲಿಸಿ, 250ಕ್ಕಿಂತ ಜಾಸ್ತಿ ನೌಕರರು ಅಥವಾ ವರ್ಷಕ್ಕೆ 1 ಕೋಟಿ ಡಾಲರ್‌ಗಿಂತ ಜಾಸ್ತಿ ಆದಾಯ ಇರುವ ಕಂಪನಿಗಳು ದುಡ್ಡು ಕೊಡಬೇಕು ಎಂದರು. ನಮ್ಮಂಥ ಎಂಟು ಜನರಿಗೆ ಅದು ತಾಗುವುದಿಲ್ಲ. ಆದರೆ ದೊಡ್ಡ ಕ್ಲೈಂಟ್‌ನ ಆಫೀಸಿನಲ್ಲಿ ಕೂತು, ಅವರ ಪಿಸಿಯಲ್ಲಿ ನೀವು ಅದನ್ನು ಹಾಕಿದರೆ ತಾಗುತ್ತದೆ. ಲಿನಕ್ಸ್ ಮೇಲೆ ಓಡುವ ಡಾಕರ್ ಎಂಜಿನ್ ಓಪನ್ ಸೋರ್ಸ್, ಅದೇ ಕೆಲಸ ಮಾಡುವ ಪಾಡ್‌ಮನ್ ಕೂಡ ಓಪನ್ ಸೋರ್ಸ್.

ಹೆಜ್ಜೆ 2: ಪುಕ್ಕಟೆ ಬೇರೆ, ಓಪನ್ ಸೋರ್ಸ್ ಬೇರೆ

ಇದು ಗೊತ್ತಿಲ್ಲದೆ ಹೋದರೆ ಒಂದು ಗೂಟದಿಂದ ಬಿಚ್ಚಿ ಇನ್ನೊಂದು ಗೂಟಕ್ಕೆ ಕಟ್ಟಿಕೊಂಡ ಹಾಗಾಗುತ್ತದೆ.

ಲಿನಕ್ಸ್ ಕರ್ನಲ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಮಾಡುವವರೇ ಇದರ ಪಾಠ ಕಲಿತವರು. 2002ರಿಂದ ಅವರು ಕೋಡ್‌ನ ಬದಲಾವಣೆ ಉಳಿಸಿಡಲು ಬಿಟ್‌ಕೀಪರ್ ಎಂಬ, ಒಂದು ಕಂಪನಿಯ ಟೂಲ್ ಅನ್ನು ಪುಕ್ಕಟೆಯಾಗಿ ಬಳಸುತ್ತಿದ್ದರು. 2005ರಲ್ಲಿ ಆ ಪುಕ್ಕಟೆ ಲೈಸೆನ್ಸ್ ನಿಂತಿತು. ಲಿನಕ್ಸ್ ಶುರುಮಾಡಿದ ಲೈನಸ್ ಟೋರ್ವಾಲ್ಡ್ಸ್ ಆ ವರ್ಷದ ಏಪ್ರಿಲ್‌ನಲ್ಲಿ ಗಿಟ್ ಬರೆಯಲು ಕೂತರು. ಮುಂದಿನ ಕತೆ ನಿಮಗೆ ಗೊತ್ತು. 2016ರಲ್ಲಿ ಬಿಟ್‌ಕೀಪರ್ ತಾನೇ ಓಪನ್ ಸೋರ್ಸ್ ಆಯಿತು. ಅಷ್ಟರಲ್ಲಿ ಕೇಳುವವರು ಇರಲಿಲ್ಲ.

ಹಾಗಾಗಿ ಪ್ರತಿ ಟೂಲ್‌ಗೂ ಮೂರು ಪ್ರಶ್ನೆ ಕೇಳಿ. ಸೋರ್ಸ್ ಸಿಗುತ್ತದಾ? ವ್ಯಾಪಾರಕ್ಕೆ ಬಳಸಬಹುದಾ? ಕಂಪನಿ ನಾಳೆ ಮನಸ್ಸು ಬದಲಿಸಿದರೆ ಇವತ್ತಿನ ವರ್ಶನ್ ನನ್ನ ಹತ್ತಿರ ಉಳಿಯುತ್ತದಾ?

ಕೋಡ್ ಬರೆಯುವ ಸಾಫ್ಟ್‌ವೇರ್‌ಗಳನ್ನೇ ನೋಡಿ. ವಿಷುವಲ್ ಸ್ಟುಡಿಯೊ ಕಮ್ಯುನಿಟಿ ಪುಕ್ಕಟೆ, ಆದರೆ ಸಣ್ಣ ಕಂಪನಿಯಲ್ಲಿ ಐದು ಜನರವರೆಗೆ ಮಾತ್ರ. ಜೆಟ್‌ಬ್ರೈನ್ಸ್‌ನವರು 2024ರ ಅಕ್ಟೋಬರ್‌ನಲ್ಲಿ ವೆಬ್‌ಸ್ಟಾರ್ಮ್ ಮತ್ತು ರೈಡರ್ ಅನ್ನು, 2025ರ ಮೇ ತಿಂಗಳಲ್ಲಿ ಸಿಲಯನ್ ಅನ್ನು ಪುಕ್ಕಟೆ ಮಾಡಿದರು, ಆದರೆ ಕಲಿಯುವವರಿಗೆ, ಹವ್ಯಾಸಕ್ಕೆ ಬಳಸುವವರಿಗೆ. ನಿಮ್ಮ ಆಫೀಸಿಗೆ ಅಲ್ಲ. ವಿಎಸ್ ಕೋಡ್ ಇನ್ನೂ ಸ್ವಾರಸ್ಯ. ಅದರ ಸೋರ್ಸ್‌ಗೆ ಎಂಐಟಿ ಲೈಸೆನ್ಸ್ (ವ್ಯಾಪಾರಕ್ಕೂ ಬಳಸಲು ಬಿಡುವ ಸಡಿಲ ಲೈಸೆನ್ಸ್) ಇದೆ, ನೀವು ಇಳಿಸಿಕೊಳ್ಳುವ ಮೈಕ್ರೋಸಾಫ್ಟ್ ಪ್ಯಾಕೇಜ್‌ಗೆ ಮಾತ್ರ ಬೇರೆ ಲೈಸೆನ್ಸ್. ಎಕ್ಸ್‌ಟೆನ್ಶನ್ ಸಿಗುವ ಮಾರ್ಕೆಟ್‌ಪ್ಲೇಸ್ ಮೈಕ್ರೋಸಾಫ್ಟ್‌ನ ಸರಕುಗಳ ಜೊತೆ ಬಳಸಲು ಮಾತ್ರ. ಪೂರ್ತಿ ಮುಕ್ತ ಬೇಕು ಅನ್ನುವವರು ವಿಎಸ್‌ಕೋಡಿಯಂ ಹಾಕಿಕೊಳ್ಳುತ್ತಾರೆ, ಎಕ್ಸ್‌ಟೆನ್ಶನ್‌ಗಳನ್ನು ಎಕ್ಲಿಪ್ಸ್ ಫೌಂಡೇಶನ್ ನಡೆಸುವ ಓಪನ್ ವಿಎಸ್‌ಎಕ್ಸ್‌ನಿಂದ ತರುತ್ತಾರೆ.

ಓಪನ್ ಸೋರ್ಸ್ ಎಂದು ಹಾಕಿಕೊಂಡದ್ದೂ ಮುಂದೆ ಬಾಗಿಲು ಹಾಕಬಹುದು. ಕ್ಲೌಡ್ ಸರ್ವರ್‌ಗಳನ್ನು ಕೋಡ್ ಬರೆದು ಸಜ್ಜುಮಾಡುವ ಟೆರ್ರಾಫಾರ್ಮ್ 2023ರ ಆಗಸ್ಟ್‌ನಲ್ಲಿ ಹಾಗೆ ಮಾಡಿತು. ಆದರೆ ಹಳೆಯ ಕೋಡ್ ಎಲ್ಲರ ಹತ್ತಿರ ಇತ್ತಲ್ಲ, ಅದರಿಂದಲೇ ಓಪನ್‌ಟೋಫು ಹುಟ್ಟಿತು. ಮೂರನೆಯ ಪ್ರಶ್ನೆಯ ಬೆಲೆ ಅಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 3: ಯಾವುದನ್ನು ಮುಟ್ಟಬಾರದು

ಹುರುಪಿನಲ್ಲಿ ಎಲ್ಲವನ್ನೂ ಬದಲಿಸಬೇಡಿ. ಕಾರಿನ ಬ್ರೇಕ್, ಆಸ್ಪತ್ರೆಯ ಯಂತ್ರ ಇಂಥ ಕಡೆ ಹೋಗುವ ಕೋಡ್ ನಿಮ್ಮದಾದರೆ, ಸುರಕ್ಷತೆಯ ಸರ್ಟಿಫಿಕೇಟ್ ಇರುವ ಕಂಪೈಲರ್‌ಗೆ ಕೊಡುವ ದುಡ್ಡು ದಂಡ ಅಲ್ಲ. ಐಎಸ್‌ಒ 26262 (ವಾಹನಗಳ ಸುರಕ್ಷತೆಯ ಮಾನದಂಡ) ಆಡಿಟ್‌ಗೆ ಬಂದವರು ಕಂಪೈಲರ್ ನಂಬಿಕಸ್ಥವೇ ಅನ್ನುವುದಕ್ಕೆ ಕಾಗದ ಕೇಳುತ್ತಾರೆ. ಆ ಕಾಗದವನ್ನು ನೀವೇ ಮಾಡಲು ಹೊರಟರೆ ಲೈಸೆನ್ಸ್‌ಗಿಂತ ದುಬಾರಿ.

ಲೆಕ್ಕಾಚಾರದ ಸಾಫ್ಟ್‌ವೇರ್ ಮ್ಯಾಟ್‌ಲ್ಯಾಬ್‌ನ ಸಾದಾ ಸ್ಕ್ರಿಪ್ಟ್‌ಗಳು ಓಪನ್ ಸೋರ್ಸ್ ಆದ ಜಿಎನ್‌ಯು ಆಕ್ಟೇವ್‌ನಲ್ಲಿ ಬಹಳಷ್ಟು ಹಾಗೇ ಓಡುತ್ತವೆ. ಮ್ಯಾಟ್‌ಲ್ಯಾಬ್‌ನ ಜೊತೆಗಾರ ಸಿಮ್ಯುಲಿಂಕ್‌ನಲ್ಲಿ ಕಟ್ಟಿದ ಮಾಡೆಲ್ ಓಡುವುದಿಲ್ಲ. ಅದರ ಮೇಲೇ ನಿಂತಿರುವ ತಂಡ ಅದನ್ನು ಇಟ್ಟುಕೊಳ್ಳಲಿ. ಕಾಲೇಜಿನವರಿಗೆ ಒಂದು ಮಾತು: ಐಐಟಿ ಬಾಂಬೆಯ ಫಾಸೀ ಯೋಜನೆ ಸೈಲ್ಯಾಬ್‌ನಂಥ ಟೂಲ್‌ಗಳ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದೆ. ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಕನ್ನಡದಲ್ಲೂ ಇವೆ, ಲ್ಯಾಬ್‌ಗೆ ಚೆನ್ನಾಗಿ ಒದಗುತ್ತವೆ.

ಹೆಜ್ಜೆ 4: ಮೊದಲು ಬಿಲ್ಡ್ ಹೊರಗೆ ತನ್ನಿ, ಹಳೆಯ ಕಂಪೈಲರ್ ಇಟ್ಟುಕೊಂಡೇ

ಈ ಲೇಖನದಲ್ಲಿ ಒಂದೇ ಹೆಜ್ಜೆ ಓದುವುದಾದರೆ ಇದನ್ನು ಓದಿ.

ನಮ್ಮನ್ನು ಕಟ್ಟಿಹಾಕಿದ್ದು ಕಂಪೈಲರ್ ಎಂದು ಮೊದಲು ಅಂದುಕೊಂಡಿದ್ದೆ. ಬಿಚ್ಚಲು ಹೋದಾಗ ಗೊತ್ತಾಯಿತು, ಕಟ್ಟಿದ್ದು ಪ್ರಾಜೆಕ್ಟ್ ಫೈಲ್. ಯಾವ ಫೈಲ್ ಕಂಪೈಲ್ ಆಗಬೇಕು, ಯಾವುದಕ್ಕೆ ಯಾವ ಆಪ್ಷನ್, ಮೆಮೊರಿ ಎಲ್ಲಿಂದ ಎಲ್ಲಿಗೆ, ಚಿಪ್‌ಗೆ ಹಾಕುವ ಹೆಕ್ಸ್ ಫೈಲ್ ಆದಮೇಲೆ ಯಾವ ಪ್ರೋಗ್ರಾಂ ಓಡಬೇಕು ಅನ್ನುವುದೆಲ್ಲ ಆ ಐಡಿಇಯ (ಕೋಡ್ ಬರೆದು ಕಂಪೈಲ್ ಮಾಡುವುದೆಲ್ಲ ಒಂದೇ ಕಡೆ ಇರುವ ಸಾಫ್ಟ್‌ವೇರ್) ಡಯಲಾಗ್ ಬಾಕ್ಸ್‌ಗಳಲ್ಲಿ ಟಿಕ್ ಹಾಕಿ ಕೂರಿಸಿದ್ದು. ಎಂಟು ವರ್ಷದಲ್ಲಿ ನಾಲ್ಕು ಜನ ಟಿಕ್ ಹಾಕಿದ್ದಾರೆ. ಯಾಕೆ ಹಾಕಿದರು ಎಂದು ಯಾರಿಗೂ ನೆನಪಿಲ್ಲ. ಒಂದು ಫೈಲ್‌ಗೆ ಮಾತ್ರ ಆಪ್ಟಿಮೈಸೇಶನ್ (ಕೋಡ್ ಅನ್ನು ಕಂಪೈಲರ್ ಎಷ್ಟು ಚಿಕ್ಕದು, ಚುರುಕು ಮಾಡಬೇಕು ಎಂಬ ಸೆಟ್ಟಿಂಗ್) ಬೇರೆ ಇತ್ತು. ಅದನ್ನು ಮಾಡಿದ ಹುಡುಗ ಈಗ ಜರ್ಮನಿಯಲ್ಲಿದ್ದಾನೆ. ಫೋನ್ ಮಾಡಿ ಕೇಳಿದರೆ "ಅದಾ ಸರ್, ಅವತ್ತು ಹಾಗೆ ಮಾಡಿದ್ರೆ ವರ್ಕ್ ಆಯ್ತು" ಅಂದ.

ಹಾಗಾಗಿ ಹೊಸ ಕಂಪೈಲರ್ ಮುಟ್ಟುವ ಮೊದಲು ಹೀಗೆ ಮಾಡಿ. ಐಡಿಇ ತೆರೆಯದೆ, ಕಮಾಂಡ್ ಲೈನ್‌ನಿಂದ, ಹಳೆಯ ಕಂಪೈಲರ್‌ನಲ್ಲೇ ಬಿಲ್ಡ್ ಆಗುವಂತೆ ಒಂದು ಮೇಕ್‌ಫೈಲ್ (ಬಿಲ್ಡ್‌ನ ಕಮಾಂಡ್‌ಗಳೆಲ್ಲ ಇರುವ ಫೈಲ್) ಬರೆಯಿರಿ. ಅದೇ ಕೆಲಸಕ್ಕೆ ಬರುವ ಸಿಮೇಕ್ ಗೊತ್ತಿದ್ದರೆ ಅದೂ ಆದೀತು. ಐಡಿಇಯ ಬಿಲ್ಡ್ ಲಾಗ್ ಅನ್ನು ಪೂರ್ತಿ ತೋರಿಸುವಂತೆ ಇಟ್ಟರೆ ಅದು ಕಂಪೈಲರ್‌ಗೆ ಕೊಡುವ ಪ್ರತಿ ಆಪ್ಷನ್ ಕಾಣುತ್ತದೆ. ಕಾಪಿ ಮಾಡಿಕೊಳ್ಳಿ.

ಆಮೇಲೆ ಎರಡು ಹೆಕ್ಸ್ ಫೈಲ್‌ಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿ. ಐಡಿಇಯಿಂದ ಬಂದದ್ದು ಒಂದು, ನಿಮ್ಮ ಮೇಕ್‌ಫೈಲ್‌ನಿಂದ ಬಂದದ್ದು ಒಂದು. ಎರಡೂ ಬೈಟ್ ಬೈಟಿಗೂ ಒಂದೇ ಆಗಿರಬೇಕು. ನಮ್ಮದು ಮೊದಲ ಸಲ ಆಗಲಿಲ್ಲ. ಕೆಲವು ಬೈಟ್ ವ್ಯತ್ಯಾಸ. ಒಂದು ದಿನ ಪೂರ್ತಿ ಹುಡುಕಿದ ಮೇಲೆ ಗೊತ್ತಾಯಿತು, ಬಿಲ್ಡ್ ಆದ ದಿನ ಮತ್ತು ಸಮಯವನ್ನು ವರ್ಶನ್ ಸ್ಕ್ರೀನ್‌ನಲ್ಲಿ ತೋರಿಸಲು ಕೋಡ್ ಒಳಗೇ ಸೇರಿಸಿದ್ದೆವು. ಅದನ್ನು ತೆಗೆದು ನೋಡಿದರೆ ಎರಡೂ ಒಂದೇ.

ಅವತ್ತು ಸಂಜೆ ಆಫೀಸಿಗೆಲ್ಲ ಮಸಾಲೆ ದೋಸೆ ತರಿಸಿದೆ. ಇನ್ನೂ ಒಂದು ರೂಪಾಯಿ ಉಳಿದಿರಲಿಲ್ಲ, ಒಂದು ಟೂಲ್ ಬದಲಾಗಿರಲಿಲ್ಲ. ಆದರೆ ನಮ್ಮ ಪ್ರಾಜೆಕ್ಟ್ ಹೇಗೆ ಬಿಲ್ಡ್ ಆಗುತ್ತದೆ ಅನ್ನುವುದು ಮೊದಲ ಸಲ ನಮ್ಮ ಗಿಟ್‌ನಲ್ಲಿ, ಯಾರು ಬೇಕಾದರೂ ಓದಬಹುದಾದ ಒಂದು ಫೈಲ್‌ನಲ್ಲಿ ಇತ್ತು. ಇಷ್ಟಾದ ಮೇಲೆ ಕಂಪೈಲರ್ ಬದಲಿಸದೆ ಇದ್ದರೂ ನಡೆಯುತ್ತದೆ. ಡೀಲರ್ ಜೊತೆ ಮಾತಾಡುವಾಗ ದನಿಯೇ ಬೇರೆ ಇರುತ್ತದೆ.

ಹೆಜ್ಜೆ 5: ಎರಡನೆಯ ಕಂಪೈಲರ್ ಸೇರಿಸಿ

ನಮ್ಮ ಚಿಪ್ ಎಸ್‌ಟಿಎಂ32ಎಫ್103 ಸರಣಿಯದು. 64 ಕೆಬಿ ಫ್ಲ್ಯಾಶ್, 20 ಕೆಬಿ ರ‍್ಯಾಮ್. ಇಂಥ ಆರ್ಮ್ ಚಿಪ್‌ಗಳಿಗೆ ಜಿಸಿಸಿ ಎಂಬ ಓಪನ್ ಸೋರ್ಸ್ ಕಂಪೈಲರ್‌ನ ಸಿದ್ಧ ಪ್ಯಾಕೇಜ್ ಅನ್ನು ಆರ್ಮ್ ಕಂಪನಿಯೇ ಕೊಡುತ್ತದೆ.

ಜಿಸಿಸಿ ನಿನ್ನೆ ಮೊನ್ನೆಯದಲ್ಲ. ರಿಚರ್ಡ್ ಸ್ಟಾಲ್ಮನ್ ಅದನ್ನು ಮೊದಲು ಬಿಟ್ಟಿದ್ದು 1987ರಲ್ಲಿ. 1990ರ ದಶಕದ ಶುರುವಿನಲ್ಲಿ ಸನ್ ಕಂಪನಿ ತನ್ನ ಯುನಿಕ್ಸ್ ಜೊತೆ ಬರುತ್ತಿದ್ದ ಕಂಪೈಲರ್ ತೆಗೆದು ಬೇರೆಯಾಗಿ ಮಾರತೊಡಗಿದಾಗ ಜನ ಜಿಸಿಸಿ ಕಡೆ ತಿರುಗಿದರು. ಈಗ ಇನ್ನೊಂದು ಮುಕ್ತ ಕಂಪೈಲರ್ ಕ್ಲ್ಯಾಂಗ್ ಕೂಡ ಇದೆ. ಆರ್ಮ್ ಕಂಪನಿ ಮಾರುವ ಕಂಪೈಲರ್‌ನ ಆರನೆಯ ತಲೆಮಾರು ಕಟ್ಟಿರುವುದೇ ಕ್ಲ್ಯಾಂಗ್ ಮೇಲೆ. ದುಡ್ಡು ಕೊಟ್ಟು ಕೊಳ್ಳುವ ಮಾಲಿನ ಒಳಗೂ ಮುಕ್ತ ಕೋಡ್ ಕೂತಿದೆ ಅಂದಮೇಲೆ "ಓಪನ್ ಸೋರ್ಸ್ ನಂಬಬಹುದಾ" ಅನ್ನುವ ಪ್ರಶ್ನೆಯನ್ನು ನಾನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳುವುದಿಲ್ಲ.

ಸರಿ, ಕೆಲಸಕ್ಕೆ ಬರೋಣ. ಹಳೆಯ ಕೋಡ್ ಅನ್ನು ಜಿಸಿಸಿಗೆ ಕೊಟ್ಟ ತಕ್ಷಣ ಎರಡು ಕಡೆ ನಿಲ್ಲುತ್ತದೆ.

ಒಂದು, ಚಿಪ್‌ಗೆ ಪವರ್ ಬಂದ ತಕ್ಷಣ ಮೊದಲು ಓಡುವ ಸ್ಟಾರ್ಟಪ್ ಫೈಲ್. ಅದು ಅಸೆಂಬ್ಲಿಯಲ್ಲಿರುತ್ತದೆ, ಮತ್ತು ಪ್ರತಿ ಕಂಪೈಲರ್‌ನ ಅಸೆಂಬ್ಲಿ ಬರೆಯುವ ರೀತಿ ಬೇರೆ. ಕೈಯಲ್ಲಿ ತಿದ್ದಲು ಹೋಗಬೇಡಿ. ಚಿಪ್ ಮಾಡಿದವರ ಪ್ಯಾಕೇಜ್‌ನಲ್ಲಿ ಜಿಸಿಸಿ ಎಂಬ ಹೆಸರಿನ ಫೋಲ್ಡರ್‌ನಲ್ಲಿ ಸಿದ್ಧ ಫೈಲ್ ಇರುತ್ತದೆ. ಎರಡು, ಮೆಮೊರಿಯ ನಕ್ಷೆ. ಹಳೆಯ ಟೂಲ್‌ನಲ್ಲಿ ಆ ನಕ್ಷೆ ಇದ್ದ ಸ್ಕ್ಯಾಟರ್ ಫೈಲ್ ಇಲ್ಲಿ ನಡೆಯದು, ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕರ್‌ಗೆ ಅದರದೇ ಲಿಂಕರ್ ಸ್ಕ್ರಿಪ್ಟ್ ಬೇಕು. ಫ್ಲ್ಯಾಶ್‌ನ ಕೊನೆಯಲ್ಲಿ ರೈತರ ಸೆಟ್ಟಿಂಗ್ ಉಳಿಸಲು ಜಾಗ ಬಿಟ್ಟಿದ್ದರೆ ಅದನ್ನು ಇಲ್ಲೂ ಬಿಡಲು ಮರೆಯಬೇಡಿ.

ಇವೆರಡೂ ಆದಮೇಲೆ ಕಂಪೈಲ್ ಆಗುತ್ತದೆ, ವಾರ್ನಿಂಗ್‌ಗಳ ಮಳೆ ಸುರಿಯುತ್ತದೆ. ಸುಮ್ನೆ ಬಾಯಿ ಮುಚ್ಚಿಸಬೇಡಿ. ನಮ್ಮಲ್ಲಿ ಒಂದು ವಾರ್ನಿಂಗ್ ಎಂಟು ವರ್ಷದಿಂದ ಇದ್ದ ನಿಜವಾದ ಬಗ್ ತೋರಿಸಿತು: ಕರೆಂಟ್ ಜಾಸ್ತಿಯಾದರೆ ಟ್ರಿಪ್ ಆಗುವ ಕಡೆ, ಹೋಲಿಸಲು ಎರಡು ಸಮ ಚಿಹ್ನೆ ಬೇಕಿದ್ದಲ್ಲಿ ಒಂದೇ ಇತ್ತು.

ಇನ್ನು ಬೋರ್ಡ್‌ಗೆ ಹಾಕಿದ ದಿನದ ಕತೆ.

ಪವರ್ ಕೊಟ್ಟೆವು. 16×2 ಎಲ್‌ಸಿಡಿಯ ಮೇಲಿನ ಸಾಲಿನಲ್ಲಿ ಹದಿನಾರು ಕಪ್ಪು ಚೌಕ. ಎಲ್‌ಸಿಡಿ ಕೆಲಸ ಮಾಡಿದವರಿಗೆ ಇದು ಗೊತ್ತು, ಇನಿಶಿಯಲೈಸ್ ಆಗಿಲ್ಲ ಎಂದು ಅರ್ಥ. ಈ ಡಿಸ್ಪ್ಲೇಗೆ ಪವರ್ ಬಂದಮೇಲೆ 15 ಮಿಲಿಸೆಕೆಂಡ್‌ಗಿಂತ ಜಾಸ್ತಿ ಕಾಯಬೇಕು. ನಮ್ಮ ಕೋಡ್‌ನಲ್ಲಿ ಕಾಯುವುದಕ್ಕೆ ಏನು ಮಾಡಿದ್ದರು? ಒಂದು ಖಾಲಿ ಫಾರ್ ಲೂಪ್. ಸೊನ್ನೆಯಿಂದ ಶುರುಮಾಡಿ ಒಂದು ದೊಡ್ಡ ಸಂಖ್ಯೆಯವರೆಗೆ ಸುಮ್ಮನೆ ಎಣಿಸುವುದು. ಹಳೆಯ ಪ್ರಾಜೆಕ್ಟ್‌ನಲ್ಲಿ ಆಪ್ಟಿಮೈಸೇಶನ್ ಸೊನ್ನೆಗೆ ಇಟ್ಟಿದ್ದರು, ಹಾಗಾಗಿ ಅದು ಪಾಪ ಪೂರ್ತಿ ಎಣಿಸುತ್ತಿತ್ತು. ಜಿಸಿಸಿಯಲ್ಲಿ ನಾವು ಸೈಜ್ ಕಡಿಮೆ ಮಾಡುವ ಆಪ್ಷನ್ ಹಾಕಿದ್ದೆವು. ಈ ಲೂಪ್‌ನಿಂದ ಯಾರಿಗೂ ಏನೂ ಉಪಯೋಗ ಇಲ್ಲ ಎಂದು ಅದು ಲೂಪನ್ನೇ ಕಿತ್ತುಹಾಕಿತ್ತು. ತಪ್ಪು ನಮ್ಮದೇ. ಟೈಮರ್ ನೋಡಿ ಕಾಯುವ ಹಾಗೆ ತಿದ್ದಿದ ಮೇಲೆ ಅಕ್ಷರ ಬಂತು.

ಅಕ್ಷರ ಬಂತು, ಒಂದು ಅಂಕಿ ಬರಲಿಲ್ಲ. "ಸರ್, ವೋಲ್ಟೇಜ್ ಬರ್ತಿದೆ, ಕರೆಂಟ್ ಮಾತ್ರ ಖಾಲಿ" ಅಂದಳು ನಮ್ಮ ಹೊಸ ಹುಡುಗಿ. ವೋಲ್ಟೇಜ್ 415 ಎಂದು ಪೂರ್ಣಾಂಕ. ಕರೆಂಟ್ 7.2 ಎಂದು ದಶಮಾಂಶ. ಸಣ್ಣ ಚಿಪ್‌ಗೆ ಬಳಸುವ ನ್ಯೂಲಿಬ್ ನ್ಯಾನೊ ಎಂಬ ಲೈಬ್ರರಿ ಜಾಗ ಉಳಿಸಲು, ಅಂಕಿಯನ್ನು ಅಕ್ಷರವಾಗಿ ಮೂಡಿಸುವ ಪ್ರಿಂಟ್‌ಎಫ್‌ನ ದಶಮಾಂಶ ಭಾಗವನ್ನು ಬಿಟ್ಟಿರುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಸುಮ್ನೆ ಖಾಲಿ. ಲಿಂಕರ್‌ಗೆ ಒಂದು ಆಪ್ಷನ್ ಕೊಟ್ಟು ಅದನ್ನು ವಾಪಸ್ ಸೇರಿಸಬಹುದು, ಕೆಲವು ಕೆಬಿ ತಿನ್ನುತ್ತದೆ. ನಾವು ಹತ್ತರಿಂದ ಗುಣಿಸಿ 72 ಎಂದು ಪೂರ್ಣಾಂಕವಾಗಿ ಇಟ್ಟುಕೊಂಡು, ತೋರಿಸುವಾಗ ನಡುವೆ ಚುಕ್ಕಿ ಹಾಕಿದೆವು. ಅದೇ ಚೆಂದ.

ಮೂರನೆಯದು ಕಾಣಲು ನಾಲ್ಕು ದಿನ ಬೇಕಾಯಿತು. ಯಾವಾಗಲೋ ಒಮ್ಮೆ ಬೋರ್ಡ್ ನಿಂತುಬಿಡುತ್ತಿತ್ತು. ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ನಡುವೆ ನಿಲ್ಲಿಸುವ ತುರ್ತು ಕರೆ) ಬಂದಾಗ ಒಂದು ಫ್ಲ್ಯಾಗ್ ಬದಲಾಗುತ್ತದೆ, ಮೇನ್ ಲೂಪ್ ಆ ಫ್ಲ್ಯಾಗ್ ನೋಡುತ್ತಾ ಕಾಯುತ್ತದೆ. ಆ ಫ್ಲ್ಯಾಗ್‌ಗೆ ವೊಲಟೈಲ್ (ಯಾವಾಗ ಬೇಕಾದರೂ ಬದಲಾಗಬಹುದು) ಎಂದು ಬರೆದಿರಲಿಲ್ಲ. ಹಾಗಾಗಿ ಕಂಪೈಲರ್ ಒಂದು ಸಲ ಓದಿ, ಇದು ಬದಲಾಗುವುದಿಲ್ಲ ಎಂದು ನಂಬಿ, ಮತ್ತೆ ನೋಡಲೇ ಇಲ್ಲ. ಇಂಟರಪ್ಟ್‌ನಲ್ಲಿ ಮುಟ್ಟುವ ಪ್ರತಿ ವೇರಿಯೇಬಲ್ ಅನ್ನೂ ಮೊದಲೇ ಪಟ್ಟಿ ಮಾಡಿ ನೋಡಿಕೊಳ್ಳಿ. ನಮ್ಮ ನಾಲ್ಕು ದಿನ ನಿಮಗೆ ಉಳಿಯುತ್ತದೆ.

ಸೈಜ್ ವಿಷಯ ಎಲ್ಲರೂ ಕೇಳುತ್ತಾರೆ. ಹಳೆಯ ಕಂಪೈಲರ್‌ನಲ್ಲೂ ಸೈಜ್ ಕಡಿಮೆ ಮಾಡುವ ಆಪ್ಷನ್ ಹಾಕಿ ಹೋಲಿಸಿದರೆ ಜಿಸಿಸಿಯದು ಸ್ವಲ್ಪ ದಪ್ಪ. ಪ್ರತಿ ಫಂಕ್ಷನ್‌ಗೂ ಬೇರೆ ಸೆಕ್ಷನ್ ಮಾಡಿಸಿ, ಬಳಸದ್ದನ್ನು ಲಿಂಕರ್ ಕಿತ್ತುಹಾಕುವಂತೆ ಮಾಡಿದರೆ ಬಹಳ ಇಳಿಯುತ್ತದೆ. ನಮ್ಮದು 64 ಕೆಬಿಯಲ್ಲಿ ಆರಾಮಾಗಿ ಕೂತಿದೆ. ನಿಮ್ಮ ಚಿಪ್ ಮೊದಲೇ ಕಂಠಮಟ್ಟ ತುಂಬಿದ್ದರೆ ಯೋಚನೆ ಮಾಡಿ.

ಹೆಜ್ಜೆ 6: ಎರಡನ್ನೂ ಜೊತೆಜೊತೆಗೆ ಓಡಿಸಿ

ಮೂರು ತಿಂಗಳು ಪ್ರತಿ ಬದಲಾವಣೆಯನ್ನೂ ಎರಡೂ ಕಂಪೈಲರ್‌ನಲ್ಲಿ ಬಿಲ್ಡ್ ಮಾಡಿದೆವು. ಮಾರಿದ್ದು ಹಳೆಯದರಿಂದ ಬಂದ ಹೆಕ್ಸ್, ಬೆಂಚ್ ಮೇಲೆ ಓಡಿಸಿದ್ದು ಹೊಸದು. ಆಮೇಲೆ ಪರಿಚಯದ ರೈತರ ಹೊಲದಲ್ಲಿ ಹತ್ತು ಯೂನಿಟ್ ಹಾಕಿದೆವು. ಅಲ್ಲಿಯ ವೋಲ್ಟೇಜ್ ಕುಣಿದಾಟ ಯಾವ ಲ್ಯಾಬ್‌ನಲ್ಲೂ ಸಿಗುವುದಿಲ್ಲ.

ಲೆಕ್ಕ ಹಾಕುವ ಕೋಡ್ ಅನ್ನು ಪಿಸಿಯಲ್ಲೇ ಟೆಸ್ಟ್ ಮಾಡಬಹುದು, ಬೇಗ ಆಗುತ್ತದೆ. ಅಲ್ಲೊಂದು ಕುಣಿಕೆ ಇದೆ. ಮಾಮೂಲಿ ಪಿಸಿಯ ಜಿಸಿಸಿಯಲ್ಲಿ ಚಾರ್ ಎಂಬ ಒಂದು ಬೈಟಿನ ಟೈಪ್ ಋಣ ಸಂಖ್ಯೆಯನ್ನೂ ಹಿಡಿಯುತ್ತದೆ, ಆರ್ಮ್‌ನಲ್ಲಿ ಹಿಡಿಯುವುದಿಲ್ಲ. 127 ದಾಟಿದರೆ ಎರಡು ಕಡೆ ಎರಡು ಉತ್ತರ. ಬಿಟ್ ಲೆಕ್ಕ ಇರುವ ಟೈಪ್‌ಗಳನ್ನೇ ಎಲ್ಲ ಕಡೆ ಬಳಸಿ.

ಹೆಜ್ಜೆ 7: ಡಿಬಗ್ಗರ್, ಎಡಿಟರ್

ಬೇಗ ಮುಗಿಸುತ್ತೇನೆ. ಓಡುತ್ತಿರುವ ಕೋಡ್ ಒಳಗೆ ಇಣುಕಿ ನೋಡಲು ಓಪನ್‌ಒಸಿಡಿ ಮತ್ತು ಜಿಡಿಬಿ ಎಂಬ ಮುಕ್ತ ಟೂಲ್‌ಗಳು, ಜೊತೆಗೆ ನಿಮ್ಮ ಹತ್ತಿರ ಮೊದಲೇ ಇರುವ ಎಸ್‌ಟಿ-ಲಿಂಕ್ (ಪಿಸಿಯನ್ನು ಬೋರ್ಡ್‌ಗೆ ಜೋಡಿಸುವ ಸಾಧನ) ಸಾಕು. ಎಡಿಟರ್‌ನಲ್ಲಿ ಕಾರ್ಟೆಕ್ಸ್-ಡಿಬಗ್ ಎಕ್ಸ್‌ಟೆನ್ಶನ್ ಹಾಕಿದರೆ ಬ್ರೇಕ್‌ಪಾಯಿಂಟ್, ರಿಜಿಸ್ಟರ್ ಎಲ್ಲ ಕಾಣುತ್ತದೆ. ಹಳೆಯ ಐಡಿಇಯ ಡಿಬಗ್ಗರ್ ಇದಕ್ಕಿಂತ ನಯವಾಗಿತ್ತು, ಒಪ್ಪುತ್ತೇನೆ. ಎಡಿಟರ್ ಯಾವುದೆಂದು ಹಠ ಬೇಡ. ನಮ್ಮಲ್ಲಿ ಒಬ್ಬರು ವಿಮ್, ಇಬ್ಬರು ವಿಎಸ್‌ಕೋಡಿಯಂ, ಉಳಿದವರು ವಿಎಸ್ ಕೋಡ್. ಬಿಲ್ಡ್ ಹೊರಗೆ ಬಂದಮೇಲೆ ಇದು ಅವರವರ ಇಷ್ಟ.

ಹೆಜ್ಜೆ 8: ಲೈಸೆನ್ಸ್ ಭಯ

ನಮ್ಮ ಪಾರ್ಟ್‌ನರ್ ಕೇಳಿದ ಮೊದಲ ಪ್ರಶ್ನೆ: "ಜಿಸಿಸಿ ಬಳಸಿದ್ರೆ ನಮ್ಮ ಕೋಡ್ ಎಲ್ಲರಿಗೂ ಕೊಡಬೇಕಂತೆ, ಹೌದಾ?"

ಇಲ್ಲ. ಜಿಸಿಸಿಗೆ ಜಿಪಿಎಲ್ ಲೈಸೆನ್ಸ್ (ಆ ಕೋಡ್ ಸೇರಿಸಿ ಹಂಚಿದರೆ ಸೋರ್ಸನ್ನೂ ಕೊಡಬೇಕು ಅನ್ನುವುದು) ಇದೆ, ನಿಜ. ಅದು ಕಂಪೈಲರ್‌ನ ಕೋಡ್‌ಗೆ. ನಿಮ್ಮ ಪ್ರೋಗ್ರಾಂ ಜೊತೆ ಸೇರಿಕೊಳ್ಳುವ ಜಿಸಿಸಿಯ ಸಣ್ಣ ಲೈಬ್ರರಿಗೆ ರನ್‌ಟೈಮ್ ಲೈಬ್ರರಿ ಎಕ್ಸೆಪ್ಶನ್ ಎಂಬ ವಿನಾಯಿತಿ ಇದೆ. ನಿಮ್ಮ ಕೋಡ್ ನಿಮ್ಮದೇ. ನೋಡಬೇಕಾದ್ದು ಬೇರೆ: ಇಂಟರ್ನೆಟ್‌ನಿಂದ ತಂದು ಪ್ರಾಜೆಕ್ಟ್ ಒಳಗೆ ಹಾಕಿಕೊಂಡ ಲೈಬ್ರರಿಗಳು. ಸಣ್ಣ ಚಿಪ್‌ಗಳ ಆಪರೇಟಿಂಗ್ ಸಿಸ್ಟಮ್ ಫ್ರೀಆರ್‌ಟಿಒಎಸ್‌ಗೆ 2017ರಿಂದ ಎಂಐಟಿ ಲೈಸೆನ್ಸ್, ತೊಂದರೆ ಇಲ್ಲ. ಜಿಪಿಎಲ್ ಇರುವ ಯಾವುದೋ ಡ್ರೈವರ್ ಅನ್ನು ಫರ್ಮ್‌ವೇರ್ ಒಳಗೆ ಸೇರಿಸಿ ಮಾರಿದ್ದರೆ ಆಗ ಪಾರ್ಟ್‌ನರ್ ಭಯ ಸರಿ. ಇದು ಕಂಪೈಲರ್ ಯಾವುದಾದರೂ ಅನ್ವಯಿಸುತ್ತದೆ.

ಹೆಜ್ಜೆ 9: ಟೂಲ್ ಅನ್ನೂ ಪ್ರಾಜೆಕ್ಟ್ ಜೊತೆ ಎತ್ತಿಡಿ

"ಲೇಟೆಸ್ಟ್ ಹಾಕ್ಕೊಳ್ಳಿ" ಎಂದು ಬಿಡಬೇಡಿ. ಯಾವ ವರ್ಶನ್ ಎಂದು ಮೇಕ್‌ಫೈಲ್‌ನಲ್ಲಿ ಬರೆಯಿರಿ. ಬೇರೆ ವರ್ಶನ್ ಇದ್ದರೆ ಬಿಲ್ಡ್ ನಿಲ್ಲಲಿ. ಇಳಿಸಿಕೊಂಡ ಜಿಪ್ ಫೈಲ್ ಅನ್ನು ಅದರ ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಎಂದು ನೋಡುವ ಸಂಖ್ಯೆ) ಸಮೇತ ನಿಮ್ಮ ಸರ್ವರ್‌ನಲ್ಲಿ ಇಟ್ಟುಕೊಳ್ಳಿ. ಈ ಸ್ವಾತಂತ್ರ್ಯ ಕಾಸು ಕೊಟ್ಟ ಟೂಲ್‌ನಲ್ಲಿ ನಮಗೆ ಇರಲಿಲ್ಲ: ಜಿಪ್ ಇದ್ದರೂ ಲೈಸೆನ್ಸ್ ಹ್ಞೂಂ ಅನ್ನಬೇಕಿತ್ತು.

ಮುಕ್ತ ಅಂದ ಮಾತ್ರಕ್ಕೆ ಕಣ್ಣು ಮುಚ್ಚಿಕೊಂಡು ಹಾಕಬೇಡಿ. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಎಂಬ, ಎಲ್ಲ ಕಡೆ ಇರುವ ಕಂಪ್ರೆಶನ್ ಟೂಲ್‌ನಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದು ಸಿಕ್ಕಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್, ಬೇರೆ ಪಿಸಿಗೆ ನೆಟ್‌ವರ್ಕ್ ಮೂಲಕ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡ ಆಗುತ್ತಿದೆಯಲ್ಲ ಎಂದು ಕೆದಕಿದ್ದರಿಂದ. ಸೋರ್ಸ್ ತೆರೆದಿದ್ದರಿಂದ ಅವರಿಗೆ ಕೊನೆವರೆಗೂ ನೋಡಲು ಆಯಿತು. ಅಷ್ಟೇ ನಿಜ, ಅವರು ಕೆದಕದಿದ್ದರೆ ಅದು ಇನ್ನೆಷ್ಟು ದಿನ ಇರುತ್ತಿತ್ತೋ.

ಹೆಜ್ಜೆ 10: ದುಡ್ಡಿನ ಲೆಕ್ಕ

ನಮ್ಮ ಅಕೌಂಟ್ಸ್ ಮೇಡಂ ಕೇಳಿದರು, "ಹಾಗಾದ್ರೆ ಈ ವರ್ಷ ಎಷ್ಟು ಉಳೀತು?" ಮೊದಲ ವರ್ಷ ಏನೂ ಇಲ್ಲ. ಇಬ್ಬರ ಸಂಬಳದ ದಿನಗಳನ್ನು ಕೂಡಿದರೆ ರಿನ್ಯೂವಲ್ ದುಡ್ಡಿಗಿಂತ ಜಾಸ್ತಿಯೇ ಆಗಿತ್ತು. ಪಟ್ಟಿ ಮಾಡುವಾಗಲೇ ಈ ದಿನಗಳನ್ನು ಬರೆದುಕೊಳ್ಳಿ. "ಫ್ರೀ ಅಲ್ವಾ" ಎಂದು ಓನರ್‌ಗೆ ಹೇಳಿ ಕೆಲಸ ಶುರುಮಾಡಿದರೆ ಎರಡನೆಯ ತಿಂಗಳಿಗೇ ಜಗಳ. ಎರಡನೆಯ ವರ್ಷದಿಂದ ಉಳಿತಾಯ ಕಾಣುತ್ತದೆ. ಹೊಸಬರು ಸೇರಿದಾಗ ಇನ್ನೊಂದು ಸೀಟ್ ಲೈಸೆನ್ಸ್‌ಗೆ ಕಾಯುವುದಿಲ್ಲ, ಬಂದ ದಿನ ಮಧ್ಯಾಹ್ನದೊಳಗೆ ಅವರ ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಆಗುತ್ತದೆ. ಉಳಿದ ದುಡ್ಡಿನಲ್ಲಿ ವರ್ಷಕ್ಕೊಮ್ಮೆ ನಾವು ಬಳಸುವ ಎರಡು ಪ್ರಾಜೆಕ್ಟ್‌ಗಳಿಗೆ ಸ್ವಲ್ಪ ಕಳಿಸುತ್ತೇವೆ. ಮೇಡಂ ಅದನ್ನು ಯಾವ ತಲೆಬರಹದಡಿ ಹಾಕಬೇಕು ಎಂದು ಪ್ರತಿ ಸಲ ಕೇಳುತ್ತಾರೆ.

ಹಳೆಯ ಟೂಲ್ ಏನು ಮಾಡುವುದು?

ಬಿಸಾಡಬೇಡಿ. ಹಳೆಯ ಮಾಡೆಲ್ ಕಂಟ್ರೋಲರ್‌ಗಳು ಇನ್ನೂ ಹೊಲಗಳಲ್ಲಿ ಓಡುತ್ತಿವೆ. ಅವುಗಳಲ್ಲಿ ಏನಾದರೂ ತಿದ್ದಬೇಕಾದರೆ ಅದೇ ಕಂಪೈಲರ್‌ನಿಂದ, ಒಂದೇ ಸಾಲು ಬದಲಿಸಿ, ಹೆಕ್ಸ್ ತೆಗೆಯುವುದೇ ಕ್ಷೇಮ. ಅದಕ್ಕಾಗಿ ಲೈಸೆನ್ಸ್ ಇರುವ ಒಂದು ಪಿಸಿಯನ್ನು ಹಾಗೇ ಇಟ್ಟಿದ್ದೇವೆ. ನೆಟ್‌ವರ್ಕ್ ಕೇಬಲ್ ಇಲ್ಲ, ಮಳೆಗಾಲದಲ್ಲಿ ಪ್ಲಗ್ ಕೂಡ ಕಿತ್ತಿಡುತ್ತೇವೆ. ಮಾನಿಟರ್ ಮೇಲೆ ಕೆಂಪು ಮಾರ್ಕರ್‌ನಲ್ಲಿ ಬರೆದ ಚೀಟಿ ಇದೆ: "ಇದನ್ನು ಫಾರ್ಮ್ಯಾಟ್ ಮಾಡಿದವರು ಡೀಲರ್‌ಗೆ ತಾವೇ ಫೋನ್ ಮಾಡಬೇಕು."